ಬಸಳೆ ಬಳ್ಳಿ ಮಾರುದ್ದ, ಎಲೆ ಮಾತ್ರ ಚಿಟಿಕೆಯಷ್ಟು: ನಮ್ಮ ಬಳ್ಳಾರಿ ಕಡೆ ಇಳುವರಿ ಜಾಸ್ತಿ ಮಾಡೋದು ಹೇಗೆ?

ಸಿರುಗುಪ್ಪ ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ ಎರಡು ಸಾಲು ಬಸಳೆ ಇದೆ. ಒಂದು ಹಸಿರು ದಂಟಿನದು, ಇನ್ನೊಂದು ಕೆಂಪು ದಂಟಿನದು. ಮಳೆಗಾಲದ ಶುರುವಿನಲ್ಲಿ ಬೀಜ ಹಾಕಿದ್ದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಅಂಗೈಯಗಲದ ಎಲೆ ಬಂದವು. ಓಣಿಯವರಿಗೆಲ್ಲ ಹಂಚಿದೆ. ಈಗ ನವೆಂಬರ್. ಬಳ್ಳಿ ಕಾಂಪೌಂಡ್ ದಾಟಿ ಪಕ್ಕದ ಮನೆಯವರ ನುಗ್ಗೆ ಮರ ಹತ್ತಿದೆ. ಎಲೆ ಮಾತ್ರ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಗಿಣ್ಣು ಗಿಣ್ಣಿಗೂ ಹೂವಿನ ಕಡ್ಡಿ, ಅದರ ತುಂಬ ನೇರಳೆ ಕಾಯಿ. ಕೆಲವು ಎಲೆ ಮೇಲೆ ಕೆಂಪಂಚಿನ ಚುಕ್ಕೆ ಬೇರೆ. ತುದಿ ಎಲೆ ಹಳದಿಯಾಗುತ್ತಿವೆ.

ಮಣ್ಣು ಎರೆ, ಅಂದರೆ ಕಪ್ಪು ಮಣ್ಣು. ನಲ್ಲಿ ನೀರು ಬಂದ ದಿನ ಅದನ್ನೇ ಬಿಡುತ್ತೇನೆ, ಇಲ್ಲದಿದ್ದರೆ ಬೋರಿನ ನೀರು. ತಿಪ್ಪೆಗೊಬ್ಬರ ಹಾಕಿದ್ದೇನೆ. ವಾರಕ್ಕೊಮ್ಮೆ ಒಂದು ಹಿಡಿ ಯೂರಿಯಾ. ಗೊಬ್ಬರದಂಗಡಿಯವರು ಇನ್ನೂ ಜಾಸ್ತಿ ಯೂರಿಯಾ ಹಾಕಿ ಅಂತಾರೆ. ಮಾಡಲಾ?

ಕಂಪ್ಲಿ ಹೊಳೆದಂಡೆ

ಬೇಡ ಅಕ್ಕಾರೆ. ಯೂರಿಯಾ ಚೀಲ ಒಳಗಿಡಿ. ಇದು ಗೊಬ್ಬರದ ಕೊರತೆ ಅಲ್ಲ, ಕಾಲದ ಆಟ.

ಬಸಳೆ ಹಗಲು ಚಿಕ್ಕದಾದಾಗ ಹೂ ಬಿಡುವ ಬಳ್ಳಿ. ನಮ್ಮ ಕಡೆ ಜೂನ್ ಕೊನೆಗೆ ಹಗಲು ಹತ್ತಿರ ಹತ್ತಿರ 13 ಗಂಟೆ ಇರುತ್ತದೆ. ಡಿಸೆಂಬರಿಗೆ ಅದು 11 ಕಾಲು ಗಂಟೆಗೆ ಇಳಿಯುತ್ತದೆ. ದಸರಾ ಮುಗಿದ ಮೇಲೆ ಬಳ್ಳಿ ತನ್ನ ಶಕ್ತಿಯನ್ನೆಲ್ಲ ಹೂವಿಗೂ ಕಾಯಿಗೂ ಹಾಕುತ್ತದೆ. ಎಲೆಗೆ ಏನೂ ಉಳಿಯುವುದಿಲ್ಲ. ಇದರ ಮೇಲೆ ಚಳಿ. ರಾತ್ರಿ ತಣ್ಣಗಾದರೆ ಬಸಳೆ ಬೆಳೆಯುವುದನ್ನೇ ಮರೆಯುತ್ತದೆ. ಯೂರಿಯಾ ಸುರಿದರೆ ಹೂ ನಿಲ್ಲುವುದಿಲ್ಲ. ಬೇರು ಸುಡುತ್ತದೆ, ಹುಳ ಬರುತ್ತವೆ.

ಈಗ ಮಾಡುವ ಕೆಲಸ ಒಂದೇ. ಹೂವಿನ ಕಡ್ಡಿ ಕಂಡ ಕೂಡಲೇ ತುದಿ ಸಮೇತ ಚಿವುಟಿ. ಕಾಯಿ ಕಟ್ಟಲು ಬಿಡಬೇಡಿ. ಬೀಜಕ್ಕೆ ಅಂತ ಒಂದು ಬಳ್ಳಿ ಮಾತ್ರ ಬಿಡಿ. ಚಿವುಟಿದ ತುದಿಯನ್ನು ಬೇಳೆಗೆ ಹಾಕಿ, ವ್ಯರ್ಥ ಏನಿಲ್ಲ. ಜನವರಿ ಕೊನೆಯವರೆಗೂ ದೊಡ್ಡ ಎಲೆ ನಿರೀಕ್ಷೆ ಮಾಡಬೇಡಿ.

ಒಂದು ಪ್ರಶ್ನೆ. ಬಳ್ಳಿಯನ್ನು ಬೀಜ ಹಾಕಿದಾಗಿನಿಂದ ಯಾವತ್ತಾದರೂ ಕತ್ತರಿಸಿದ್ದೀರಾ, ಅಥವಾ ಎಲೆ ಮಾತ್ರ ಕೀಳುತ್ತಿದ್ದೀರಾ?

ಸಿರುಗುಪ್ಪ ಹಿತ್ತಲು

ಎಲೆ ಮಾತ್ರ ಕೀಳೋದು ಅಣ್ಣಾರೆ. ಬಳ್ಳಿ ಕತ್ತರಿಸಿದರೆ ಸತ್ತು ಹೋಗಲ್ವಾ?

ಕಂಪ್ಲಿ ಹೊಳೆದಂಡೆ

ಅಲ್ಲೇ ಇರೋದು ವಿಷಯ. ಸಂಜೆ ಬಂದು ಬರೆಯುತ್ತೇನೆ, ಈಗ ಹೊಲಕ್ಕೆ ನೀರು ತಿರುಗಿಸಬೇಕು.

ತೋರಣಗಲ್ಲು, ತವರು ಕುಂದಾಪುರ

ಬಸಳೆ ಅಂದ ಕೂಡಲೇ ಸುಮ್ಮನಿರಲು ಆಗಲಿಲ್ಲ. ನಮ್ಮೂರಲ್ಲಿ ಬಸಳೆ ಚಪ್ಪರ ಇಲ್ಲದ ಮನೆ ಕಡಿಮೆ. ಬಚ್ಚಲಿನ ನೀರು ಹೋಗುವ ಜಾಗದಲ್ಲೇ ನೆಡುವುದು. ಸೊಂಟದಿಂದ ತಲೆ ಎತ್ತರದವರೆಗೆ ಅಡಿಕೆ ಸಲಾಕೆಯ ಚಪ್ಪರ, ಬುಡಕ್ಕೆ ಹಟ್ಟಿಗೊಬ್ಬರ, ಆಗಾಗ ಒಲೆಯ ಬೂದಿ. ಇಷ್ಟೇ. ಬೆರಳು ದಪ್ಪದ ದಂಟು ಬರುತ್ತದೆ. ಇಲ್ಲಿ ಕ್ವಾರ್ಟರ್ಸಿನಲ್ಲಿ ಅದನ್ನೇ ಮಾಡಿದೆ. ಮೊದಲ ವರ್ಷ ಚೆನ್ನಾಗಿತ್ತು. ಎರಡನೇ ವರ್ಷ ಎಲೆ ಅಂಚು ಒಣಗಿ ಕಂದಾಗಲು ಶುರುವಾಯಿತು. ಬಿಸಿಲಿನ ದೋಷ ಅಂತ ನಮ್ಮವರು ಹೇಳುತ್ತಾರೆ. ನನಗೆ ನಂಬಿಕೆ ಬರುತ್ತಿಲ್ಲ. ನಮ್ಮೂರಲ್ಲಿ ಬಿಸಿಲಿಗೆ ಏನು ಕಡಿಮೆ?

ಮಾನ್ವಿ ಎರೆಹೊಲ

ಅಕ್ಕಾ, ನಿಮ್ಮ ಅನುಮಾನ ಸರಿ. ಬಿಸಿಲೊಂದೇ ಅಲ್ಲ. ನಿಮ್ಮೂರಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಬಚ್ಚಲ ನೀರಿನ ಸೋಪು, ಸೋಡಾ, ಉಪ್ಪು ಏನಿದ್ದರೂ ಪ್ರತಿ ಮಳೆಗಾಲದಲ್ಲಿ ತೊಳೆದು ಹೋಗುತ್ತದೆ. ನಮ್ಮ ಬಳ್ಳಾರಿ ರಾಯಚೂರಿನಲ್ಲಿ 500ರಿಂದ 650 ಬಿದ್ದರೆ ದೇವರು ಕೊಟ್ಟದ್ದು. ಇಲ್ಲಿ ಬಚ್ಚಲ ನೀರಿನ ಉಪ್ಪು ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಉಪ್ಪು ಬುಡದಲ್ಲೇ ಕೂರುತ್ತದೆ. ಎಲೆ ಅಂಚು ಸುಡುವುದು, ಮಣ್ಣಿನ ಮೇಲೆ ಬೆಳ್ಳಗೆ ಪುಡಿ ಕಾಣುವುದು ಎರಡೂ ಇದ್ದರೆ ಅದು ಸವಳು. ಬೂದಿ ಕೂಡ ಇಲ್ಲಿ ಬೇಡ. ಕರಾವಳಿ ಮಣ್ಣು ಹುಳಿ, ಅದಕ್ಕೆ ಬೂದಿ ಒಳ್ಳೆಯದು. ನಮ್ಮ ಎರೆ ಮಣ್ಣು ಮೊದಲೇ ಕ್ಷಾರ. ಬೂದಿ ಹಾಕಿದರೆ ಇನ್ನಷ್ಟು ಕೆಡುತ್ತದೆ.

ಇನ್ನೊಂದು. ನಮ್ಮ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕ ಇವೆಯಲ್ಲ, ಅಲ್ಲಿ ಹೊರಗೆ ಬಿಡುವ ನೀರನ್ನು ಪುಕ್ಕಟೆ ಅಂತ ಕೊಡದಲ್ಲಿ ತಂದು ಗಿಡಕ್ಕೆ ಹಾಕುವವರು ಬಹಳ ಜನ. ದಯವಿಟ್ಟು ಹಾಕಬೇಡಿ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ಮನೆಯ ಫಿಲ್ಟರಿನ ಪೈಪಿನಿಂದ ಬರುವುದೂ ಅದೇ. ನೆಲ ಒರೆಸಲು ಬಳಸಿ, ಸೊಪ್ಪಿಗೆ ಬೇಡ.

ಗಂಗಾವತಿ ಭತ್ತದ ನಾಡು

ಮಾನ್ವಿಯವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ನೆಲ ಸರಿಮಾಡಲು ಹಾಕುವ ಜಿಪ್ಸಂ ಪುಡಿಯನ್ನು ಊಹೆಯಲ್ಲಿ ಸುರಿಯಬೇಡಿ. ಈ ಕಡೆ ಎರಡು ಬಗೆ ಕೆಟ್ಟ ನೆಲ ಇದೆ. ಒಂದು ಉಪ್ಪು ಜಾಸ್ತಿ ಇರುವುದು. ಅದಕ್ಕೆ ಸಿಹಿನೀರು ಬಿಟ್ಟು ತೊಳೆಯಬೇಕು, ನೀರು ಬಸಿಯಲು ದಾರಿ ಬೇಕು. ಇನ್ನೊಂದು ಸೋಡಿಯಂ ಜಾಸ್ತಿಯಾಗಿ ಮಣ್ಣು ಒದ್ದೆಯಾದಾಗ ಅಂಟಾಗಿ, ಒಣಗಿದಾಗ ಕಲ್ಲಾಗುವುದು. ಪಿ.ಎಚ್. 8.5 ದಾಟಿರುತ್ತದೆ. ಜಿಪ್ಸಂ ಕೆಲಸ ಮಾಡುವುದು ಇದಕ್ಕೆ. ಮೊದಲನೆಯದಕ್ಕೆ ಜಿಪ್ಸಂ ಹಾಕಿದರೆ ದುಡ್ಡು ದಂಡ.

ನೀರಿನದು ಇ.ಸಿ., ಅಂದರೆ ಉಪ್ಪಿನ ಅಳತೆ, ನೋಡಿಸಿ. ಮೀಟರಿಗೆ 0.75 ಡೆಸಿಸೀಮೆನ್ಸ್ ಒಳಗಿದ್ದರೆ ಚಿಂತೆ ಇಲ್ಲ. 2.25 ದಾಟಿದರೆ ಸೊಪ್ಪಿಗೆ ಆ ನೀರು ಬೇಡವೇ ಬೇಡ. ನಡುವೆ ಇದ್ದರೆ ಸಿಹಿನೀರಿನ ಜೊತೆ ಬೆರೆಸಿ ಬಿಡಬಹುದು. ಗಂಗಾವತಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಸವಳು ನೆಲದ ಮೇಲೆ ಸಂಶೋಧನೆ ಮಾಡುವ ಕೇಂದ್ರವೂ ಇಲ್ಲೇ ಇದೆ. ಬಳ್ಳಾರಿಯವರಿಗೆ ಹಗರಿಯ ಕೇಂದ್ರ, ರಾಯಚೂರಿನವರಿಗೆ ಕೃಷಿ ವಿಶ್ವವಿದ್ಯಾಲಯದ ಆವರಣ. ಅರ್ಧ ಕೆ.ಜಿ. ಮಣ್ಣು, ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ. ಮಣ್ಣನ್ನು ನೆರಳಲ್ಲಿ ಒಣಗಿಸಿ ಒಯ್ಯಿರಿ. ಬೋರಿನ ನೀರನ್ನು ಮೋಟಾರ್ ಚಾಲು ಮಾಡಿ ಸ್ವಲ್ಪ ಹೊತ್ತು ಬಿಟ್ಟು ಹಿಡಿಯಿರಿ.

ಕಂಪ್ಲಿ ಹೊಳೆದಂಡೆ

ಬಂದೆ. ಈಗ ಕತ್ತರಿಸುವ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಬಳ್ಳಿಯ ತುದಿ ಇರುವ ತನಕ ಕೆಳಗಿನ ಗಿಣ್ಣುಗಳ ಕಣ್ಣು ಸುಮ್ಮನೆ ಕೂತಿರುತ್ತವೆ. ತುದಿ ಹೋಯಿತೋ, ಕೆಳಗಿನ ಎರಡು ಮೂರು ಕಣ್ಣು ಒಟ್ಟಿಗೆ ಚಿಗುರುತ್ತವೆ. ಎಲೆ ಮಾತ್ರ ಕಿತ್ತರೆ ತುದಿ ಹಾಗೇ ಉಳಿಯುತ್ತದೆ, ಬಳ್ಳಿ ಉದ್ದಕ್ಕೆ ಓಡುತ್ತದೆ. ಕೆಳಗೆಲ್ಲ ಬೋಳು. ಬೇರಿನಿಂದ ತುದಿಗೆ ನೀರು ಅಷ್ಟು ದೂರ ಹತ್ತಬೇಕು. ನಮ್ಮ ಒಣ ಗಾಳಿಯಲ್ಲಿ ದಾರಿಯಲ್ಲೇ ಸೊರಗುತ್ತದೆ. ಎಲೆ ಚಿಕ್ಕದಾಗುವುದಕ್ಕೆ ಹೂವಿನ ಜೊತೆ ಇದೂ ಒಂದು ಕಾರಣ.

ಹಾಗಾಗಿ ಬಳ್ಳಿ ಮೊಣಕಾಲೆತ್ತರ ಬಂದಾಗಲೇ ಮೊದಲ ಚಿವುಟು. ಕೆಳಗೆ ನಾಲ್ಕೈದು ಎಲೆ ಉಳಿಸಿ ತುದಿ ತೆಗೆಯಿರಿ. ಬಂದ ಕವಲುಗಳು ಒಂದು ಮೊಳ ಆದಾಗ ಅವನ್ನೂ ಗೇಣುದ್ದ ಕತ್ತರಿಸಿ. ಬೇಸಿಗೆ ಮಳೆಗಾಲದಲ್ಲಿ ಹತ್ತು ಹದಿನೈದು ದಿನಕ್ಕೊಮ್ಮೆ ಕೊಯ್ಲು ಸಿಗುತ್ತದೆ. ಒಂದು ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಎಲೆ ಇಲ್ಲದೆ ಬೇರಿಗೆ ಊಟ ಯಾರು ಹಾಕುತ್ತಾರೆ?

ಹಳೆ ಬಳ್ಳಿಗೆ ಇನ್ನೊಂದು ಉಪಾಯ ಇದೆ. ಇದು ನನ್ನ ಬುದ್ಧಿ ಅಲ್ಲ, ಎಲೆಬಳ್ಳಿ ತೋಟದವರದು. ವೀಳ್ಯದೆಲೆ ಬೆಳೆಯುವವರು ವರ್ಷಕ್ಕೊಮ್ಮೆ ಬಳ್ಳಿ ಇಳಿಸುತ್ತಾರೆ. ಬೋಳಾದ ಬಳ್ಳಿಯನ್ನು ಮರದಿಂದ ಬಿಡಿಸಿ, ಬುಡದಲ್ಲಿ ಸುರುಳಿ ಸುತ್ತಿ, ಮಣ್ಣು ಮುಚ್ಚಿ, ತುದಿಯನ್ನು ಮಾತ್ರ ಮತ್ತೆ ಮೇಲೆ ಹತ್ತಿಸುತ್ತಾರೆ. ಬಸಳೆಗೂ ಇದು ಪಕ್ಕಾ ಹೊಂದುತ್ತದೆ, ಯಾಕೆಂದರೆ ಅದರ ಗಿಣ್ಣು ತೇವದ ಮಣ್ಣು ತಾಗಿದರೆ ಬೇರು ಬಿಡುತ್ತದೆ. ಜನವರಿ ಕೊನೆಯಲ್ಲಿ, ಹಗಲು ಮತ್ತೆ ಉದ್ದ ಆಗುವ ಹೊತ್ತಿಗೆ ಮಾಡಿ. ಬುಡದ ಸುತ್ತ ಬೊಗಸೆ ಆಳದ ಉಂಗುರ ತೋಡಿ. ಬಳ್ಳಿಯನ್ನು ಮುರಿಯದ ಹಾಗೆ ಇಳಿಸಿ. ಹಿಂದಿನ ದಿನ ನೀರು ಬಿಡದಿದ್ದರೆ ಬಳ್ಳಿ ಸ್ವಲ್ಪ ಬಾಡಿ ಬಾಗುತ್ತದೆ, ನೀರು ತುಂಬಿದ್ದರೆ ಪಟ್ ಅಂತ ಮುರಿಯುತ್ತದೆ. ಬೋಳು ಭಾಗದ ಎಲೆ ಕಡ್ಡಿ ಬಿಡಿಸಿ ಉಂಗುರದಲ್ಲಿ ಮಲಗಿಸಿ. ಮೇಲೆ ಎರಡು ಬೆರಳು ಗೊಬ್ಬರ ಬೆರೆತ ಮಣ್ಣು. ತುದಿಯ ಒಂದು ಮೊಳ ಹೊರಗೆ. ಎರಡು ಮೂರು ವಾರ ತೇವ ಆರಬಾರದು. ಒಂದು ಬುಡ ಇದ್ದದ್ದಕ್ಕೆ ಈಗ ಹತ್ತು ಕಡೆ ಬೇರು. ಮಾರ್ಚಿನಲ್ಲಿ ಬರುವ ಚಿಗುರು ನೋಡಿ ಆಮೇಲೆ ಹೇಳಿ.

ತೋರಣಗಲ್ಲು, ತವರು ಕುಂದಾಪುರ

ಬಳ್ಳಿ ಇಳಿಸುವುದು ಬಹಳ ಇಷ್ಟವಾಯಿತು. ಆದರೆ ಗೇಣುದ್ದ ಕತ್ತರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ನಮಗೆ ದಂಟು ಬೇಕು. ಬಸಳೆ ಹುಳಿಯಲ್ಲಿ ದಂಟು ಕಚ್ಚಿ ರಸ ಹೀರದಿದ್ದರೆ ಅದು ಬಸಳೆಯೇ ಅಲ್ಲ. ನಿಮ್ಮ ಲೆಕ್ಕದಲ್ಲಿ ದಂಟು ದಪ್ಪವೇ ಆಗುವುದಿಲ್ಲವಲ್ಲ.

ಕಂಪ್ಲಿ ಹೊಳೆದಂಡೆ

ಅದು ನಿಮ್ಮ ಅಡುಗೆ, ಅಕ್ಕಾ, ಜಗಳ ಇಲ್ಲ. ನಮ್ಮಲ್ಲಿ ಬಸಳೆ ಬೇಳೆಗೆ ಹೋಗುತ್ತದೆ, ಇಲ್ಲ ರೊಟ್ಟಿ ಜೊತೆ ಪಲ್ಯ. ತೆಲುಗು ಮನೆಗಳಲ್ಲಿ ಬಚ್ಚಲಿ ಪಪ್ಪು. ಎಲ್ಲದಕ್ಕೂ ಎಳೆ ತುದಿ ಬೇಕು. ದಂಟು ಬೇಕಾದವರು ಪ್ರತಿ ಬುಡದಲ್ಲಿ ಎರಡು ಬಳ್ಳಿ ಉದ್ದ ಬಿಡಿ, ಉಳಿದದ್ದನ್ನು ಕತ್ತರಿಸಿ.

ಕುಷ್ಟಗಿ ಮಸಾರಿ

ನಾನು ಮಾರಾಟಕ್ಕೆ ಬೆಳೆಯುವವನು. ಚಪ್ಪರವೇ ಹಾಕಲ್ಲ. ಕೆಂಪು ಮಣ್ಣಿನ ಮಸಾರಿ ನೆಲ, ಏರುಮಡಿ, ಡ್ರಿಪ್. ತುಂಡು ನೆಡುತ್ತೇನೆ. ಗೇಣುದ್ದ, ನಾಲ್ಕು ಗಿಣ್ಣು, ಎರಡು ಗಿಣ್ಣು ಮಣ್ಣಿನೊಳಗೆ. ಗಿಡದಿಂದ ಗಿಡಕ್ಕೆ ಒಂದಡಿ. ಬೀಜಕ್ಕಿಂತ ಬೇಗ ಕೊಯ್ಲಿಗೆ ಬರುತ್ತದೆ. ಬೀಜವೇ ಹಾಕುವುದಾದರೆ ರಾತ್ರಿ ನೀರಲ್ಲಿ ನೆನೆಸಿ, ಸಿಪ್ಪೆ ಗಟ್ಟಿ. ಹಣ್ಣಿನ ತಿರುಳು ತೊಳೆಯದೆ ಹಾಕಿದರೆ ಮೊಳಕೆ ಇನ್ನೂ ತಡ.

ಗಿಡ ಮುಕ್ಕಾಲಡಿ ಬಂದ ಕೂಡಲೇ ಕುಡುಗೋಲಿನಿಂದ ಕೊಯ್ದು ಸಿವುಡು ಕಟ್ಟುವುದು. ಬುಡದಲ್ಲಿ ನಾಲ್ಕು ಬೆರಳು, ಎರಡು ಎಲೆ ಉಳಿಸಬೇಕು. ಬಳ್ಳಿ ಆಗಲು ಬಿಡುವುದೇ ಇಲ್ಲ. ಎಕರೆ ಲೆಕ್ಕದಲ್ಲಿ ಚಪ್ಪರದ ಖರ್ಚಿಗೆ ಸೊಪ್ಪಿನ ರೇಟು ಹೊಂದುವುದಿಲ್ಲ. ಮನೆ ಹಿತ್ತಲಿಗೆ ಜಾಗ ಕಡಿಮೆ, ಅಲ್ಲಿ ಮೇಲೆ ಹತ್ತಿಸುವುದೇ ಸರಿ.

ಕೊಯ್ದ ಮೇಲೆ ಮಾತ್ರ ಗೊಬ್ಬರ. ಶೇಂಗಾ ಹಿಂಡಿ ಎರಡು ದಿನ ನೆನೆಸಿ ತಿಳಿ ಮಾಡಿ ಬುಡಕ್ಕೆ. ಅದರಲ್ಲಿ ಸಾರಜನಕ ನೂರಕ್ಕೆ ಏಳರಷ್ಟಿದೆ, ತಿಪ್ಪೆಗೊಬ್ಬರದಲ್ಲಿ ನೂರಕ್ಕೆ ಅರ್ಧ ಸಿಗುವುದೂ ಕಷ್ಟ. ಯೂರಿಯಾ ಹಾಕಲೇಬೇಕು ಅಂದರೆ ಲೀಟರ್ ನೀರಿಗೆ 5ರಿಂದ 10 ಗ್ರಾಂ ಕರಗಿಸಿ ಕೊಡಿ, ಹಿಡಿಗಟ್ಟಲೆ ಬೇಡ. ಕೊಯ್ಲಿಗೆ ಮುಂಚೆ ಕೊಡಲೇಬಾರದು. ಸೊಪ್ಪಿನಲ್ಲಿ ನೈಟ್ರೇಟ್ ಕೂಡಿಕೊಳ್ಳುತ್ತದೆ. ಎಲೆ ಕಡು ಹಸಿರು ಕಾಣುತ್ತದೆ, ಜನ ಖುಷಿಯಿಂದ ಕೊಳ್ಳುತ್ತಾರೆ, ಆದರೆ ಬೇಗ ಬಾಡುತ್ತದೆ.

ಮಾನ್ವಿ ಎರೆಹೊಲ

ಜೀವಾಮೃತ ಯಾರೂ ಹೇಳಲಿಲ್ಲ?

ಕುಷ್ಟಗಿ ಮಸಾರಿ

ಹಾಕಿ, ಬೇಡ ಅನ್ನಲ್ಲ. ಹತ್ತು ಕೆ.ಜಿ. ಸಗಣಿ ಇನ್ನೂರು ಲೀಟರ್ ನೀರಿನಲ್ಲಿ ಇಡೀ ಎಕರೆಗೆ ಹೋಗುತ್ತದೆ. ಅದರಲ್ಲಿರುವ ಸಾರಜನಕ ಎಷ್ಟು, ನೀವೇ ಲೆಕ್ಕ ಹಾಕಿ. ಮಣ್ಣಿನ ಜೀವಿಗಳಿಗೆ ಒಳ್ಳೆಯದಿರಬಹುದು. ವಾರ ವಾರ ಸೊಪ್ಪು ಕೊಯ್ದು ಒಯ್ಯುವ ಹೊಲಕ್ಕೆ ಅದೊಂದರ ಮೇಲೆ ನಂಬಿಕೆ ಇಟ್ಟರೆ ಮೂರನೇ ಕೊಯ್ಲಿಗೆ ಎಲೆ ಬಿಳಿಚುತ್ತದೆ.

ಮಾನ್ವಿ ಎರೆಹೊಲ

ಇದನ್ನು ನಾನು ಒಪ್ಪುವುದಿಲ್ಲ. ಇನ್ನೊಂದು ದಿನ ಮಾತಾಡೋಣ.

ರಾಯಚೂರು ಮಾಳಿಗೆ

ನೆಲ ಇಲ್ಲದ ನಮ್ಮಂಥವರ ಕಥೆಯನ್ನೂ ಕೇಳಿ. ಮಾಳಿಗೆ ಮೇಲೆ ಬಕೆಟ್ಟಿನಲ್ಲಿ ಬೆಳೆಯುತ್ತೇನೆ. ರಾಯಚೂರು ಬೇಸಿಗೆ 42 ಡಿಗ್ರಿ ದಾಟುತ್ತದೆ. ಬಸಳೆ ಬಿಸಿಲಿಗೆ ಹೆದರುವ ಗಿಡ ಅಲ್ಲ. ಅದಕ್ಕೆ ಆಗದಿರುವುದು ಕಾದ ಬೇರು ಮತ್ತು ಒಣ ಗಾಳಿ. ಕಪ್ಪು ಗ್ರೋ ಬ್ಯಾಗಿನ ಮಣ್ಣು ಮಧ್ಯಾಹ್ನ ಮುಟ್ಟಿ ನೋಡಿ, ಕೈ ಇಡಲಾಗದು. ನಾನು ಮಾಡಿದ್ದು ಇಷ್ಟು. ಬಿಳಿ ಬಣ್ಣದ ದೊಡ್ಡ ಡಬ್ಬ, ಇಪ್ಪತ್ತು ಲೀಟರಿಗೆ ಕಡಿಮೆ ಇಲ್ಲ. ಕೆಳಗೆ ಇಟ್ಟಿಗೆ ಇಟ್ಟು ಎತ್ತರಿಸಿ, ಮಾಳಿಗೆಯ ಕಾವು ನೇರ ತಾಗಬಾರದು. ಪಶ್ಚಿಮದ ಕಡೆ ಹಳೆ ಗೋಣಿ ಪರದೆ. ಮಾರ್ಚ್ ಕೊನೆಯಿಂದ ಮಳೆ ಬೀಳುವ ತನಕ ಶೇಡ್ ನೆಟ್. 35 ಪರ್ಸೆಂಟಿನದು ಸಾಕು, ಹೆಚ್ಚೆಂದರೆ 50. ಅದಕ್ಕಿಂತ ದಟ್ಟ ಬೇಡ, ಬಳ್ಳಿ ತೆಳ್ಳಗೆ ಉದ್ದ ಹೋಗುತ್ತದೆ. ಹದವಾದ ನೆರಳಲ್ಲಿ ಎಲೆ ನಿಜವಾಗಲೂ ಅಗಲ ಬರುತ್ತದೆ, ರುಚಿಯೂ ಮೆದು.

ನೀರಿಗೆ ಮಣ್ಣಿನ ಗಡಿಗೆ ಹೂಳಿದ್ದೇನೆ. ಹೊಳಪು ಬಳಿಯದ ಸಾದಾ ಗಡಿಗೆ, ಬಾಯಿ ಮಾತ್ರ ಹೊರಗೆ, ಮೇಲೆ ಮುಚ್ಚಳ. ನೀರು ತುಂಬಿಟ್ಟರೆ ಗೋಡೆಯಿಂದ ನಿಧಾನಕ್ಕೆ ಜಿನುಗುತ್ತದೆ. ಮೇಲ್ಮಣ್ಣು ಒಣಗೇ ಇರುತ್ತದೆ, ಬೇರು ಮಾತ್ರ ತೇವ. ನೀರು ತುಸು ಉಪ್ಪಾಗಿದ್ದರೂ ಬೇರಿನ ಹತ್ತಿರ ತೇವ ಒಂದೇ ಸಮ ಇರುವುದರಿಂದ ಗಿಡ ತಾಳಿಕೊಳ್ಳುತ್ತದೆ. ಹಿತ್ತಲಲ್ಲೂ ಮಾಡಬಹುದು, ಎರಡು ಬುಡದ ನಡುವೆ ಒಂದು. ವರ್ಷಕ್ಕೊಮ್ಮೆ ತೆಗೆದು ಉಜ್ಜಬೇಕು. ಇಲ್ಲದಿದ್ದರೆ ಉಪ್ಪು ಕಟ್ಟಿ ರಂಧ್ರ ಮುಚ್ಚುತ್ತದೆ.

ಗಂಗಾವತಿ ಭತ್ತದ ನಾಡು

ಇದರ ಮೇಲೆ ಭತ್ತದ ಹುಲ್ಲು ಹೊದಿಸಿ. ನಮ್ಮಲ್ಲಿ ಕೊಯ್ಲಾದ ಮೇಲೆ ಸುಡುತ್ತಾರೆ, ಕೇಳಿದರೆ ಸುಮ್ನೆ ಕೊಡುತ್ತಾರೆ. ನಾಲ್ಕು ಬೆರಳು ದಪ್ಪ. ಮಣ್ಣಿನೊಳಗೆ ಬೆರೆಸಬೇಡಿ. ಬೆರೆಸಿದರೆ ಹುಲ್ಲು ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಳ್ಳುತ್ತದೆ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ.

ಸಿರುಗುಪ್ಪ ಹಿತ್ತಲು

ಇಷ್ಟೆಲ್ಲ ಗೊತ್ತೇ ಇರಲಿಲ್ಲ. ಗಾಳಿಗೆ ಏನು ಮಾಡಲಿ? ಜೂನ್ ಜುಲೈನಲ್ಲಿ ನಮ್ಮಲ್ಲಿ ಬೀಸುವ ಗಾಳಿಗೆ ಬಳ್ಳಿ ಹರಿದು ಚಿಂದಿಯಾಗುತ್ತದೆ. ಕೆಂಪಂಚಿನ ಚುಕ್ಕೆ, ಹಳದಿ ತುದಿ ಬಗ್ಗೆಯೂ ಹೇಳಿ.

ಮಾನ್ವಿ ಎರೆಹೊಲ

ಗಾಳಿಗೆ ಪಶ್ಚಿಮದ ಬದಿ ಒಂದು ಸಾಲು ಚೊಗಚೆ ಹಾಕಿ. ಬೇಗ ಏರುತ್ತದೆ, ನೆರಳು ತೆಳ್ಳಗೆ, ಹೂವೂ ಸೊಪ್ಪೂ ತಿನ್ನಲು ಬರುತ್ತದೆ, ಬೇರಿನಲ್ಲಿ ಸಾರಜನಕ ಕಟ್ಟುತ್ತದೆ. ಎಲೆಬಳ್ಳಿ ತೋಟದಲ್ಲಿ ಬಳ್ಳಿಯನ್ನು ಇದಕ್ಕೇ ಹತ್ತಿಸುವುದು. ಬಸಳೆಯನ್ನೂ ಹತ್ತಿಸಬಹುದು. ಚಪ್ಪರಕ್ಕೆ ದುಡ್ಡು ಹಾಕಬೇಡಿ. ನಮ್ಮಲ್ಲಿ ಹತ್ತಿ ಬಿಡಿಸಿದ ಮೇಲೆ ಹತ್ತಿ ಕಟ್ಟಿಗೆ ರಾಶಿ ಬಿದ್ದಿರುತ್ತದೆ. ಅದನ್ನು ಸಾಲಾಗಿ ಚುಚ್ಚಿ ಸುತಳಿ ಕಟ್ಟಿದರೆ ಒಂದು ಹಂಗಾಮಿಗೆ ಸಾಕು. ತಲೆ ಮೇಲಿನ ಚಪ್ಪರಕ್ಕಿಂತ ಎದೆಯೆತ್ತರದ ಬೇಲಿ ನಮ್ಮ ಕಡೆಗೆ ಒಳ್ಳೆಯದು. ಕೊಯ್ಯಲು ಕೈಗೆ ಸಿಗುತ್ತದೆ. ಚಪ್ಪರದ ಮೇಲಿನ ಎಲೆ ಏಪ್ರಿಲ್ ಮೇನಲ್ಲಿ ಸೀದು ಹೋಗುತ್ತದೆ, ಕೆಳಗಿನದು ಬೆಳಕಿಲ್ಲದೆ ಉದುರುತ್ತದೆ. ಸಾಲು ಉತ್ತರ ದಕ್ಷಿಣ ಇರಲಿ, ಎರಡೂ ಮೈಗೆ ಬಿಸಿಲು ಸಿಗಲಿ.

ಕಂಪ್ಲಿ ಹೊಳೆದಂಡೆ

ಚುಕ್ಕೆ ರೋಗ ಶಿಲೀಂಧ್ರದ್ದು. ನಡುವೆ ಬಿಳಿಚು, ಸುತ್ತ ಕೆಂಪು ಉಂಗುರ, ಅಲ್ವಾ? ನೀರು ಸಿಡಿದು ಎಲೆಯಿಂದ ಎಲೆಗೆ ಹರಡುತ್ತದೆ. ಪೈಪ್ ಹಿಡಿದು ಎಲೆ ಮೇಲೆ ನೀರು ಹೊಡೆಯುವುದು ನಿಲ್ಲಿಸಿ, ಅದರಲ್ಲೂ ಸಂಜೆ. ಚುಕ್ಕೆ ಎಲೆ ಕಿತ್ತು ದೂರ ಹಾಕಿ, ಬುಡದಲ್ಲಿ ಬಿಡಬೇಡಿ. ಬಳ್ಳಿ ದಟ್ಟ ಇದ್ದರೆ ಬಿಡಿಸಿ ಗಾಳಿ ಆಡಲಿ. ಇಂದು ಔಷಧಿ ಹೊಡೆದು ನಾಳೆ ಕೊಯ್ಯುವ ಸೊಪ್ಪು ಇದು. ಹೊಡೆಯದಿರುವುದೇ ಲೇಸು.

ಹಳದಿಗೆ ಒಂದು ಪರೀಕ್ಷೆ. ಕೆಳಗಿನ ಹಳೆ ಎಲೆ ಪೂರಾ ಹಳದಿಯಾದರೆ ಸಾರಜನಕ ಸಾಲದು. ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣ ಸಿಗುತ್ತಿಲ್ಲ. ಸುಣ್ಣ ಜಾಸ್ತಿ ಇರುವ ಎರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ. ನಿಮ್ಮದು ಎರಡನೆಯದು ಅನ್ನಿಸುತ್ತದೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ, ಆಗ ತಾನೇ ಕಲಸಿ ತಂಪು ಹೊತ್ತಿನಲ್ಲಿ ಸಿಂಪಡಿಸಿ. ಕೊಯ್ಲು ಮುಗಿದ ಮರುದಿನ ಮಾಡಿ, ಮುಂದಿನ ಕೊಯ್ಲಿನ ಹೊತ್ತಿಗೆ ಹೊಸ ಚಿಗುರೇ ಬಂದಿರುತ್ತದೆ. ಇಲ್ಲಿ ಯೂರಿಯಾ ಹಾಕಿದರೆ ಏನೂ ಪ್ರಯೋಜನ ಇಲ್ಲ. ಅಂಗಡಿಯವರು ಎಲೆ ನೋಡದೆ ಹೇಳಿದ್ದಾರೆ.

ಕುಷ್ಟಗಿ ಮಸಾರಿ

ಒಂದು ಬುಡ ಕಿತ್ತು ಬೇರನ್ನೂ ನೋಡಿ ಅಕ್ಕಾರೆ. ಬೇರಿನಲ್ಲಿ ಗಂಟು ಗಂಟು ಇದ್ದರೆ ಜಂತುಹುಳು. ಬಸಳೆಗೆ ಇದು ಬೇಗ ಹತ್ತುತ್ತದೆ. ಟೊಮೆಟೊ, ಬದನೆ, ಬೆಂಡೆ ಬೆಳೆದ ಜಾಗದಲ್ಲಿ ಇನ್ನೂ ಜಾಸ್ತಿ. ನೀರು ಗೊಬ್ಬರ ಎಷ್ಟು ಕೊಟ್ಟರೂ ಬಳ್ಳಿ ಮಧ್ಯಾಹ್ನ ಜೋಲು ಬೀಳುತ್ತದೆ. ಅಂಥ ಬುಡದ ತುಂಡು ಬೇರೆ ಕಡೆ ನೆಡಬೇಡಿ, ಕೊಡಲೂ ಬೇಡಿ.

ಇದಕ್ಕೆ ನಮ್ಮ ಬಿಸಿಲೇ ಮದ್ದು. ಏಪ್ರಿಲ್ ಮೇನಲ್ಲಿ ಖಾಲಿ ಮಡಿಗೆ ಚೆನ್ನಾಗಿ ನೀರು ಹಾಯಿಸಿ, ತೆಳ್ಳನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚು ಮಣ್ಣಲ್ಲಿ ಹೂಳಿ ನಾಲ್ಕರಿಂದ ಆರು ವಾರ ಬಿಡಿ. ಕಪ್ಪು ಹಾಳೆ ಅಲ್ಲ, ಪಾರದರ್ಶಕದ್ದೇ ಆಗಬೇಕು. ಮೇಲಿನ ಮಣ್ಣು ಕುದಿಯುವಷ್ಟು ಕಾಯುತ್ತದೆ. ಹುಳು, ಕಳೆ ಬೀಜ ಎರಡೂ ಕಡಿಮೆಯಾಗುತ್ತವೆ. ಬೆಂಗಳೂರಿನವರಿಗೆ ಇಂಥ ಬಿಸಿಲು ದುಡ್ಡು ಕೊಟ್ಟರೂ ಸಿಗದು. ಆಮೇಲೆ ಬೇವಿನ ಹಿಂಡಿ ಬೆರೆಸಿ ನೆಡಿ. ನಡುನಡುವೆ ಚೆಂಡು ಹೂ. ಮುಂದಿನ ವರ್ಷ ಬಸಳೆ ಜಾಗ ಬದಲಿಸಿ.

ಬಳ್ಳಾರಿ ಕೋಟೆ ಬದಿ

ಸುಮ್ಮನೆ ಓದುತ್ತಿದ್ದೆ, ಒಂದು ಸಣ್ಣ ಸಂಗತಿ. ನಮ್ಮ ಮನೆಯಲ್ಲಿ ಬೀದಿ ದೀಪದ ಕೆಳಗಿರುವ ಬಸಳೆ ಬಳ್ಳಿ ಪ್ರತಿ ವರ್ಷ ತಡವಾಗಿ ಹೂ ಬಿಡುತ್ತದೆ. ಕತ್ತಲ ಬದಿಯದು ಬೇಗ. ಹಗಲಿನ ಲೆಕ್ಕ ಓದಿದ ಮೇಲೆ ಅರ್ಥವಾಯಿತು.

ಕಂಪ್ಲಿ ಹೊಳೆದಂಡೆ

ಸರಿಯಾಗಿ ನೋಡಿದ್ದೀರಿ ಸರ್. ಗಿಡ ಎಣಿಸುವುದು ರಾತ್ರಿಯ ಕತ್ತಲನ್ನು. ಸೇವಂತಿಗೆ ಬೆಳೆಯುವವರು ರಾತ್ರಿ ಬಲ್ಬ್ ಹಚ್ಚಿ ಹೂವನ್ನು ತಡ ಮಾಡುವುದು ಇದೇ ಲೆಕ್ಕದ ಮೇಲೆ. ಎರಡು ಸಾಲು ಸೊಪ್ಪಿಗೆ ಕರೆಂಟ್ ಬಿಲ್ ಕಟ್ಟಿ ಅಂತ ಮಾತ್ರ ಯಾರಿಗೂ ಹೇಳಲ್ಲ.

ರಾಯಚೂರು ಮಾಳಿಗೆ

ಚಳಿಯ ಎರಡು ತಿಂಗಳು ಬಸಳೆಯನ್ನು ಗೋಳು ಹೊಯ್ದುಕೊಳ್ಳುವುದಕ್ಕಿಂತ ಆ ಜಾಗದಲ್ಲಿ ಮೆಂತೆ, ಸಬ್ಬಸಿಗೆ, ಪಾಲಕ್ ಹಾಕಿ. ಅವಕ್ಕೆ ಚಳಿಯೇ ಹಬ್ಬ. ಬಳ್ಳಿ ಸೊಪ್ಪೇ ಬೇಕು ಅಂದರೆ ಕುಂಬಳದ ಕುಡಿ ಇದೆ. ಎಳೆ ತುದಿಯ ನಾರು ಸುಲಿದು ಪಲ್ಯ ಮಾಡಬಹುದು. ಕುಡಿ ಚಿವುಟಿದಷ್ಟೂ ಕವಲು ಬರುತ್ತವೆ. ಅಲ್ಲೂ ಇದೇ ನಿಯಮ.

ಸಿರುಗುಪ್ಪ ಹಿತ್ತಲು

ಎಲ್ಲರಿಗೂ ತಡವಾಗಿ ಉತ್ತರ ಕೊಡುತ್ತಿದ್ದೇನೆ. ಬೋರಿನ ನೀರು ಪರೀಕ್ಷೆಯಾಯಿತು. ಇ.ಸಿ. 1.9 ಬಂದಿದೆ. ಮಣ್ಣಿನ ಪಿ.ಎಚ್. 8.3. ಬೇರಿನಲ್ಲಿ ಗಂಟು ಇಲ್ಲ. ತುದಿ ಎಲೆಯ ನರ ಹಸಿರೇ ಇದೆ, ಅಣ್ಣಾರು ಹೇಳಿದ ಹಾಗೆ. ಯೂರಿಯಾ ನಿಲ್ಲಿಸಿದೆ. ಹೂ ಚಿವುಟುತ್ತಿದ್ದೇನೆ. ನುಗ್ಗೆ ಮರ ಹತ್ತಿದ ಬಳ್ಳಿಯನ್ನು ಪಕ್ಕದ ಮನೆಯವರೇ ಕೊಯ್ದು ತಿಂದಿದ್ದಾರೆ, ಅದು ಬೇರೆ ಮಾತು.

ಒಂದೇ ಅನುಮಾನ. ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ಮೇಲೆ ಅದೂ ಕಡಿಮೆ. ಆಗ ಬೋರಿನ ನೀರನ್ನೇ ಬಿಡಬೇಕಾಗುತ್ತದೆ. ಹೇಗೆ ಬಿಡಲಿ?

ಗಂಗಾವತಿ ಭತ್ತದ ನಾಡು

8.3 ಅಂದರೆ ಸದ್ಯಕ್ಕೆ ಜಿಪ್ಸಂ ಬೇಡ. 1.9 ನೀರು ನಡುವಿನದು. ನಲ್ಲಿ ನೀರು ಬಂದ ದಿನ ಡ್ರಮ್ಮಿನಲ್ಲಿ ಹಿಡಿದಿಟ್ಟು ಅರ್ಧಕ್ಕರ್ಧ ಬೆರೆಸಿ. ದಿನಾ ಚೂರು ಚೂರು ಚಿಮುಕಿಸಬೇಡಿ, ಉಪ್ಪು ಮೇಲೆಯೇ ಕಟ್ಟುತ್ತದೆ. ಬಿಟ್ಟಾಗ ಬೇರಿನ ಆಳಕ್ಕೆ ಇಳಿಯುವಷ್ಟು ಬಿಡಿ. ಏರುಮಡಿ ಮಾಡಿ, ಬದಿಗೆ ಕಾಲುವೆ ತೆಗೆದು ಬಸಿದು ಹೋಗಲು ದಾರಿ ಇಡಿ. ಎರೆ ಮಣ್ಣಲ್ಲಿ ನೀರು ನಿಂತರೆ ಬಸಳೆ ಬುಡ ಕೊಳೆಯುತ್ತದೆ. ಎಲೆ ಮೇಲೆ ಬೋರಿನ ನೀರು ಬೀಳದಿರಲಿ. ಮೊದಲ ದೊಡ್ಡ ಮಳೆಗೆ ಹುಲ್ಲಿನ ಹೊದಿಕೆ ಸರಿಸಿ, ಮಣ್ಣು ತೊಳೆದುಕೊಳ್ಳಲಿ.

ತೋರಣಗಲ್ಲು, ತವರು ಕುಂದಾಪುರ

ನಾನೂ ಬಚ್ಚಲ ನೀರನ್ನು ಬಾಳೆ ಕಡೆಗೆ ತಿರುಗಿಸಿದೆ.

ಮಾನ್ವಿ ಎರೆಹೊಲ

ಬಾಳೆಗೂ ಉಪ್ಪು ಆಗಲ್ಲ ಅಕ್ಕಾ! ತೆಂಗಿನ ಬುಡಕ್ಕೆ ಬಿಡಿ, ಅದು ಸ್ವಲ್ಪ ತಡೆದುಕೊಳ್ಳುತ್ತದೆ.

ಕಂಪ್ಲಿ ಹೊಳೆದಂಡೆ

ಸಿರುಗುಪ್ಪದ ಅಕ್ಕಾರೆ, ಬಳ್ಳಿ ಇಳಿಸುವಾಗ ಹಸಿರು ದಂಟಿನ ಸಾಲು ಮೊದಲು ಮಾಡಿ, ಕೆಂಪನ್ನು ಎರಡು ವಾರ ಬಿಟ್ಟು. ಒಂದು ಬೇರು ಬಿಡುವ ತನಕ ಇನ್ನೊಂದರಲ್ಲಿ ಅಡುಗೆಗೆ ತುದಿ ಸಿಗುತ್ತಿರುತ್ತದೆ. ಮುರಿದ ಬಳ್ಳಿ ಎಸೆಯಬೇಡಿ, ಗೇಣುದ್ದ ತುಂಡು ಮಾಡಿ ಫೆಬ್ರವರಿಯಲ್ಲಿ ನೆರಳಲ್ಲಿ ಚುಚ್ಚಿಡಿ. ಕೆಂಪು ದಂಟಿನ ನಾಲ್ಕು ತುಂಡು ನನಗೂ ತೆಗೆದಿಡಿ.